ಐದೂವರೆ ತಾಸಿನ ಯುದ್ಧ

ಹಗರಿಬೊಮ್ಮನಹಳ್ಳಿಯನ್ನು ನಾನು ಹನ್ನೊಂದು ಸಲ ನೆಲಸಮ ಮಾಡಿಸಿದ್ದೇನೆ. ಈ ಸಂಗತಿ ಆ ಊರಿನ ಮಹಾಜನರಿಗೆ ಇಂದಿನವರೆಗೂ ತಿಳಿದಿಲ್ಲ. ಅಲ್ಲಿಯ ಬಸ್ ನಿಲ್ದಾಣ, ಶೇಂಗಾ ಮಿಲ್ಲುಗಳು, ರೈಲ್ವೆ ಗೇಟು ಎಲ್ಲವೂ ನನ್ನ ಸಹಿಯ ಮೇಲೆ ಉರುಳಿ ಬಿದ್ದು, ಮುಂದಿನ ವಾರದ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಎದ್ದು ನಿಂತಿವೆ. ಕೂಡ್ಲಿಗಿಗೆ ಎರಡು ಸಲ ಮುತ್ತಿಗೆ ಬಿದ್ದಿದೆ. ಹರಪನಹಳ್ಳಿ ಕಡೆಯ ಅರಸೀಕೆರೆಯ ಮೇಲೆ ಒಮ್ಮೆ ಬಾಂಬು ಬೀಳುವುದರಲ್ಲಿತ್ತು. ಆವತ್ತು ಅಲ್ಲಿ ಸಂತೆ ಎಂದು ನಾನೇ ಒಂದು ದಿನ ಮುಂದಕ್ಕೆ ಹಾಕಿಸಿದೆ. ಅಷ್ಟರಮಟ್ಟಿಗೆ ಆ ಊರಿನವರು ನನಗೆ ಋಣಿಗಳು.

ಶಾಂತಸ್ವಭಾವದ ಒಬ್ಬ ಗ್ರಂಥಪಾಲಕನನ್ನು ಇಂಥ ಘೋರಕೃತ್ಯಗಳಿಗೆ ಹಚ್ಚಿದ ಮನುಷ್ಯ ಹೋದ ತಿಂಗಳು ಕೊಟ್ಟೂರಿನಲ್ಲಿ ತೀರಿಕೊಂಡರು. ಊರಿಗೆಲ್ಲ ಅವರು ಹವಾಲ್ದಾರ್ರು. ಹೆಸರು ಹಿಡಿದು ಕರೆಯುತ್ತಿದ್ದವರು ಅವರಿಗಿಂತ ಮೊದಲೇ ಹೋಗಿದ್ದರು. ಹಾಗಾಗಿ ನಾನೂ ಹಾಗೆಯೇ ಕರೆಯುತ್ತೇನೆ.

ಸೈನ್ಯದಲ್ಲಿ ಅವರದು ಸಿಗ್ನಲ್ಸ್ ವಿಭಾಗ. ಬಂದೂಕು ಹಿಡಿದದ್ದಕ್ಕಿಂತ ಕಿವಿಗೆ ಇಯರ್‌ಫೋನ್ ಹಿಡಿದದ್ದೇ ಹೆಚ್ಚು. ಅದರ ಗುರುತಾಗಿ ಯಾರೇ ಮಾತಾಡಲಿ, ಎಡಗೈಯನ್ನು ಎಡಕಿವಿಯ ಮೇಲಿಟ್ಟು, ಕಣ್ಣು ಅರ್ಧ ಮುಚ್ಚಿ ಕೇಳುತ್ತಿದ್ದರು. ಹೊಸಬರು ಅವರಿಗೆ ಕಿವಿನೋವೆಂದು ತಿಳಿದು ಮಾತು ಚಿಕ್ಕದು ಮಾಡುತ್ತಿದ್ದರು. ಅದೂ ಒಂದು ಅನುಕೂಲವೇ.

ಅವರ ಇನ್ನೊಂದು ಅಭ್ಯಾಸ ಊರಿಗೇ ಅಂಟಿಕೊಂಡಿತ್ತು. ಏನು ಹೇಳಿದರೂ ಕೊನೆಗೆ 'ಮರಳಿ ಹೇಳ್ರಿ' ಎನ್ನುವುದು. ತಂತಿಯಲ್ಲಿ ಕಳಿಸಿದ ಮಾತು ಆಚೆ ಕಡೆ ಸರಿಯಾಗಿ ಮುಟ್ಟಿತೋ ಇಲ್ಲವೋ ಎಂದು ತಿಳಿಯಲು ಕೇಳಿದವನು ಅದನ್ನೇ ಮರಳಿ ಹೇಳಬೇಕು. ಇದು ಅವರ ವೃತ್ತಿಯ ಧರ್ಮ. ಅದನ್ನು ಅವರು ಕಿರಾಣಿ ಅಂಗಡಿಗೂ ತಂದರು. 'ಅರ್ಧ ಕೇಜಿ ಬೆಲ್ಲ, ಕಾಲು ಕೇಜಿ ಪುಟಾಣಿ. ಮರಳಿ ಹೇಳು.' ಚಹದಂಗಡಿಯವನಂತೂ ಅವರು ಬಾಗಿಲಲ್ಲಿ ಕಂಡ ಕೂಡಲೇ ಕೂಗುತ್ತಿದ್ದ: 'ಒಂದು ಚಾ, ಸಕ್ಕರಿ ಕಡಿಮಿ, ಲೋಟ ಬಿಸಿನೀರಾಗ ತೊಳ್ದು. ನೀವು ಹೇಳಾಕ ಮೊದಲ ಮರಳಿ ಹೇಳೀನ್ರಿ ಸಾಹೇಬ್ರ, ಕುಂದರ್ರಿ!'

ಮಗಳ ನಿಶ್ಚಯದ ದಿನ ಬೀಗರಿಗೂ ಇದೇ ಗತಿ. ಮುಹೂರ್ತದ ಹೊತ್ತು ಹೇಳಿ, 'ಮರಳಿ ಹೇಳ್ರಿ ಬೀಗರ' ಎಂದುಬಿಟ್ಟರು. ಬೀಗರು ಹರಪನಹಳ್ಳಿಯ ಕಡೆಯ ಮರ್ಯಾದಸ್ಥರು. ನಾವೇನು ಸಾಲಿ ಹುಡುಗರಾ ಎಂದು ಮುಖ ಕೆಂಪಗೆ ಮಾಡಿಕೊಂಡರು. ಆದರೂ ಹೇಳಿದರು. ಹೇಳಿದ್ದು ನೋಡಿದರೆ ಇವರ ಹೊತ್ತಿಗಿಂತ ಒಂದು ತಾಸು ಹಿಂದೆ! ಅಲ್ಲಿಯ ಐನೋರು ಒಂದು ಬರೆದುಕೊಟ್ಟಿದ್ದರು, ಇಲ್ಲಿಯವರು ಇನ್ನೊಂದು. ಮದುವೆ ಸುಸೂತ್ರವಾಗಿ ನಡೆಯಿತು. ಬೀಗರು ಮಾತ್ರ ಮುಂದೆ ಯಾವತ್ತೂ ಇವರ ಎದುರು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ.

ನಮ್ಮ ಪರಿಚಯವಾದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಕೊಲ್ಲಿಯ ಯುದ್ಧದ ಸುದ್ದಿ ಪತ್ರಿಕೆಗಳ ತುಂಬ ಇದ್ದಾಗ. ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. ಉಳಿದವರು ಯುದ್ಧದ ಸುದ್ದಿಯನ್ನು ಯಾರು ಗೆದ್ದರು ಎಂದು ಓದುತ್ತಿದ್ದರೆ, ಇವರು ಯಾರು ಯಾರಿಗೆ ಹೇಳಿದರು ಎಂದು ಓದುತ್ತಿದ್ದರು. ಉದ್ದನೆಯ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ 'ಇವರು', ಇನ್ನೊಂದು ಕಡೆ 'ಅವರು' ಎಂದು ತಲೆಬರಹ ಕೊಟ್ಟು, ನೆಲದವರು ಗಾಳಿಯವರಿಗೆ ಹೇಗೆ ತಿಳಿಸಿದರು, ಗಾಳಿಯವರು ನೀರಿನವರಿಗೆ ಹೇಗೆ ತಿಳಿಸಿದರು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳುತ್ತಿದ್ದರು. ಇಬ್ಬರ ಮೇಲೂ ಅವರಿಗೆ ಸಮಾನ ಕುತೂಹಲ. ಶತ್ರು ಮಿತ್ರ ಎಂಬ ಭೇದ ಆ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

'ಎರಡು ಸೈನ್ಯ ಹೊಡೆದಾಡ್ತಾವ ಅಂತ ಪೇಪರಿನಾಗ ಬರೀತಾರಲ್ರಿ, ಸುಳ್ಳು' ಎಂದರು ಒಂದು ದಿನ.

'ಮತ್ತೆ?' ಎಂದೆ.

'ಆರು ಇರ್ತಾವ. ಈ ಕಡಿ ಮೂರು, ಆ ಕಡಿ ಮೂರು. ನೆಲದವರು, ನೀರಿನವರು, ಗಾಳಿಯವರು. ಈ ಆರು ಮಂದಿಯೊಳಗ ಯಾವ ಮೂರು ಮೊದಲು ಒಂದಾಗ್ತಾವೋ ಅವರು ಗೆಲ್ತಾರ. ವೈರಿ ಜೋಡಿ ಯುದ್ಧ ಆಮ್ಯಾಲ. ಮೊದಲು ತಮ್ಮೊಳಗ ಮಾತುಕತಿ.'

'ಆ ಕಡೆಯವರ ಕಷ್ಟವೂ ಇದೇ ಅಂತೀರಾ?'

'ಅದನ್ನ ತಿಳ್ಕೊಳ್ಳಾಕ ಅಲ್ಲೇನ್ರಿ ದಿನಾ ನಿಮ್ಮ ಮೆಟ್ಟಲು ಹತ್ತಾದು! ಆ ಕಡಿನೂ ನನ್ನಂಥವ ಒಬ್ಬ ಕಿವೀಗೆ ಕೈ ಇಟ್ಕೊಂಡು ಕುಂತಿರ್ತಾನ. ಅವನಿಗೂ ವಿಮಾನದವರು ಹೊತ್ತಿಗೆ ಸರಿಯಾಗಿ ಜವಾಬು ಕೊಟ್ಟಿರಂಗಿಲ್ಲ.'

ಕೆಲವು ವರ್ಷಗಳ ಮೇಲೆ ಯಾವುದೋ ಇಂಗ್ಲಿಷ್ ವಾರಪತ್ರಿಕೆಯಲ್ಲಿ, ಆ ಯುದ್ಧದಲ್ಲಿ ಅಷ್ಟು ದೊಡ್ಡ ಸೈನ್ಯದವರೂ ದಿನದಿನದ ವಿಮಾನಗಳ ಪಟ್ಟಿಯನ್ನು ತಮ್ಮ ಹಡಗುಗಳಿಗೆ ಯಂತ್ರದಲ್ಲಿ ಕಳಿಸಲಾಗದೆ, ಕೈಯಲ್ಲಿ ಹೊತ್ತು ವಿಮಾನದಲ್ಲಿ ಮುಟ್ಟಿಸಬೇಕಾಯಿತು ಎಂದು ಓದಿ ಅವರಿಗೆ ಹೇಳಿದೆ. ಹಬ್ಬವಾದಂತೆ ಕುಣಿದರು. 'ನಮ್ಮ ಬಸ್ಸಿನಂಗ! ಥೇಟ್ ನಮ್ಮ ಹಡಗಲಿ ಬಸ್ಸಿನಂಗ!' ಎಂದರು.

ಹಡಗಲಿ ಬಸ್ಸಿನ ಕಥೆಗೆ ಬರಬೇಕೆಂದರೆ ಮೊದಲು ಸತ್ತವರ ಊಟದ ಕಥೆ ಹೇಳಬೇಕು.

ಎಪ್ಪತ್ತರ ದಶಕದಲ್ಲಿ ಎಲ್ಲೋ ಒಂದು ಮರಳುಗಾಡಿನಲ್ಲಿ ಕವಾಯತಿನ ಯುದ್ಧ ನಡೆದಿತ್ತಂತೆ. ಸುಳ್ಳು ಯುದ್ಧ, ಒಂದು ಪಕ್ಷ ನೀಲಿ, ಒಂದು ಪಕ್ಷ ಕೆಂಪು, ನಡುವೆ ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡ ತೀರ್ಪುಗಾರರು. ಇವರು ನೀಲಿಯ ನೆಲದವರ ಕಡೆ. ಇವರ ಕೋರಿಕೆಗಳನ್ನು ಬರೆದುಕೊಳ್ಳುವವನು ಎಷ್ಟೋ ಮೈಲಿ ದೂರದ ವಿಮಾನನೆಲೆಯಲ್ಲಿ ಕುಳಿತ ವಾಯುಪಡೆಯ ಒಬ್ಬ. ಮೂರನೆಯ ದಿನ ಆ ದನಿಯ ಹಿಂದಿಯಲ್ಲಿ ಏನೋ ಪರಿಚಿತ ಎಳೆತ ಕೇಳಿ, ನಿಯಮ ಮುರಿದು, 'ಊಟ ಆತೇನ್ರಿ?' ಎಂದು ಕೇಳಿಯೇಬಿಟ್ಟರು. ಆಚೆಯಿಂದ ಉತ್ತರವೂ ಕನ್ನಡದಲ್ಲೇ ಬಂತು: 'ಇಲ್ರಿ. ನಿಮ್ಮದು?' ಆತ ಹಡಗಲಿಯವನು! ಮುಖ ನೋಡದೆ, ತಂತಿಯಲ್ಲೇ ಸ್ನೇಹ ಕುದುರಿತು. ಅಷ್ಟು ದೊಡ್ಡ ಮರಳುಗಾಡಿನಲ್ಲಿ ಇಬ್ಬರಿಗೂ ತುಂಗಭದ್ರೆಯ ನೀರು ನೆನಪಾಗುವುದು ಆ ಎರಡು ಮಾತಿನಲ್ಲಿ.

ಐದನೆಯ ದಿನ ಇವರು ಕೋರಿಕೆ ಕಳಿಸಿದರು: ಎದುರಿನ ಗುಡ್ಡದ ಮೇಲೆ ಏಳು ಗಂಟೆಗೆ ವಿಮಾನದಾಳಿ ಆಗಬೇಕು, ಆಮೇಲೆ ನಮ್ಮ ಕಂಪನಿ ಗುಡ್ಡ ಹತ್ತುತ್ತದೆ. ಏಳಕ್ಕೆ ವಿಮಾನ ಬರಲಿಲ್ಲ. ಕಾದು ಕಾದು ಕಂಪನಿ ತಾನೇ ಗುಡ್ಡ ಹತ್ತಿತು, ಗೆದ್ದಿತು, ಅನ್ನ ಬೇಳೆ ಬೇಯಿಸಿತು. ಹನ್ನೆರಡೂವರೆಗೆ ಎಲ್ಲರೂ ತಟ್ಟೆ ಹಿಡಿದು ಕೂತಾಗ ನೆತ್ತಿಯ ಮೇಲೆ ವಿಮಾನಗಳು ಗುಡುಗಿಕೊಂಡು ಹೋದವು. ತೀರ್ಪುಗಾರ ಗಡಿಯಾರ ನೋಡಿ, ಶಾಂತವಾಗಿ, 'ನೀವೆಲ್ಲ ಸತ್ತಿದ್ದೀರಿ' ಎಂದ.

ಕಾರಣ ಸರಳ. ನೆಲದವರು ಬರೆಯುವುದು ಭಾರತದ ಹೊತ್ತು. ವಿಮಾನದವರು ಬರೆಯುವುದು ಗ್ರೀನಿಚ್ಚಿನ ಹೊತ್ತು. ಅದಕ್ಕೆ ಗುರುತಾಗಿ ಅಂಕಿಯ ಮುಂದೆ ಇಂಗ್ಲಿಷಿನ ಕೊನೆಯ ಅಕ್ಷರ, ಝಡ್, ಹಾಕುತ್ತಾರೆ. ಎರಡಕ್ಕೂ ಐದೂವರೆ ತಾಸಿನ ಅಂತರ. ಇಲ್ಲಿಯ ಏಳು ಗಂಟೆಯನ್ನು ಅಲ್ಲಿಯ ಏಳು ಎಂದು ಓದಿದರೆ ಇಲ್ಲಿ ಹನ್ನೆರಡೂವರೆ. ಹವಾಲ್ದಾರ್ರ ವಾದ: ನಾನು ಭಾರತದ ಕಾಲದ ಗುರುತು ಹಾಕಿಯೇ ಕಳಿಸಿದ್ದೆ. ಹಡಗಲಿಯವರ ಹೇಳಿಕೆ: ನನಗೆ ಮುಟ್ಟಿದ್ದರಲ್ಲಿ ಗುರುತು ಇರಲಿಲ್ಲ. ಇಬ್ಬರ ಹೇಳಿಕೆಯನ್ನೂ ಅವರವರ ನೆಲೆಯಲ್ಲೇ ಬರೆದುಕೊಂಡು ನಡೆಸಿದ ವಿಚಾರಣೆಯಲ್ಲಿ ಹಡಗಲಿಯವರ ಮಾತು ನಿಂತಿತು. ಇವರ ಕಡತದಲ್ಲಿ ಒಂದು ಸಾಲು ಬಿತ್ತು. ಆ ಸಾಲಿನಿಂದಾಗಿ ಇವರು ನಾಯಬ್ ಸುಬೇದಾರ್ ಆಗಲಿಲ್ಲ. ಹವಾಲ್ದಾರ್ ಆಗಿಯೇ ಊರಿಗೆ ಬಂದರು.

'ಇಡೀ ಕಂಪನಿ ಸತ್ತೋಯ್ತಲ್ರಿ' ಎನ್ನುತ್ತಿದ್ದರು. 'ಸತ್ತವರು ಏನು ಮಾಡಿದ್ರು ಗೊತ್ತೇನು? ಊಟ ಮುಗಿಸಿದ್ರು. ಒಬ್ಬೊಬ್ಬರೂ ನನ್ನ ಮುಂದ ಬಂದು, ನಿನ್ನ ದಯದಿಂದ ಸತ್ವಿ, ಉಪ್ಪಿನಕಾಯಿ ಹಾಕು ಅಂತ ತಟ್ಟಿ ಚಾಚಿದ್ರು.' ನಗುತ್ತಲೇ ಹೇಳುತ್ತಿದ್ದರು. ಕೈ ಮಾತ್ರ ಎಡಕಿವಿಗೆ ಹೋಗಿರುತ್ತಿತ್ತು.

ಅವರ ಮನೆಯ ಮುಂದಿನ ಫಲಕ ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತಿತ್ತು. ಹೆಸರು, ಅದರ ಕೆಳಗೆ 'ಹವಾಲ್ದಾರ್ (ನಿವೃತ್ತ)' ಎಂದು ಫಲಕದ ತಳಕ್ಕೆ ಒತ್ತಿ ಬರೆಸಿದ್ದರು. ಮೇಲಿನ ಅರ್ಧ ಖಾಲಿ. ಪೇಂಟರು, 'ಯಾಕ್ರಿ ಸಾಹೇಬ್ರ, ನಡುವ ಬರೀತೀನಿ, ಚೆಂದ ಕಾಣತೈತಿ' ಎಂದರೆ, 'ಮ್ಯಾಲ ಒಂದು ಸಾಲಿಗೆ ಜಾಗ ಬಿಡು' ಎಂದಿದ್ದರಂತೆ.

ಹಡಗಲಿಯವರೂ ನಿವೃತ್ತರಾಗಿ ಊರಿಗೆ ಬಂದಿದ್ದಾರೆಂದು ಯಾರೋ ಹೇಳಿದರು. ಬೇರೆಯವರಾಗಿದ್ದರೆ ಹೋಗಿ ಜಗಳವಾಡುತ್ತಿದ್ದರು, ಇಲ್ಲ ಬಿಟ್ಟುಬಿಡುತ್ತಿದ್ದರು. ಇವರು ಒಂದು ಅಂಚೆಕಾರ್ಡು ತೆಗೆದುಕೊಂಡು ಯುದ್ಧ ಘೋಷಿಸಿದರು. ಹಳೆಯ ಪ್ರಕರಣದ ಸುದ್ದಿಯೇ ಇಲ್ಲ. 'ಕೊಟ್ಟೂರು ಕೂಡ್ಲಿಗಿ ನೀಲಿ ಪಕ್ಷ. ಹಡಗಲಿ ಹರಪನಹಳ್ಳಿ ಕೆಂಪು ಪಕ್ಷ. ಹಗರಿಬೊಮ್ಮನಹಳ್ಳಿ ಗೆದ್ದವರಿಗೆ. ತೀರ್ಪುಗಾರರು: ಕೊಟ್ಟೂರಿನ ಗ್ರಂಥಪಾಲಕರು. ಒಪ್ಪಿಗೆ ಇದ್ದರೆ ಮರಳಿ ಬರೆಯಿರಿ.' ನಾಲ್ಕನೆಯ ದಿನ ಉತ್ತರ ಬಂತು. ಅವರು ಬರೆದದ್ದೆಲ್ಲವನ್ನೂ ಅಕ್ಷರ ಬಿಡದೆ ಮರಳಿ ಬರೆದು, ಕೆಳಗೆ 'ಒಪ್ಪಿದೆ' ಎಂದಿತ್ತು. ತೀರ್ಪುಗಾರನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಹಳೆಯ ಗೋಡೆ ಕ್ಯಾಲೆಂಡರುಗಳನ್ನು ಅಂಚಿಗೆ ಅಂಚು ಅಂಟಿಸಿ, ಬೆನ್ನಿನ ಮೇಲೆ ಐದು ಊರುಗಳ ಸೀಮೆಯನ್ನು ಬರೆದ ನಕ್ಷೆ ನನ್ನ ಮನೆಯ ಹಿಂದಿನ ಕೋಣೆಯ ನೆಲದ ಮೇಲೆ ಹರಡಿಕೊಂಡಿತು. ನೆಲದ ಸೈನ್ಯಕ್ಕೆ ಹುಣಸೆಬೀಜ. ವಿಮಾನಕ್ಕೆ ಒಣಮೆಣಸಿನಕಾಯಿ ತೊಟ್ಟು. ಹಡಗಿಗೆ ಶೇಂಗಾ ಸಿಪ್ಪೆ, ಅರ್ಧ ಒಡೆದದ್ದು, ಹರಿಗೋಲಿನಂತೆಯೇ ಇರುತ್ತದೆ. ಒಂದು ಯುಗಾದಿಯ ಮುಂದೆ ನನ್ನ ಹೆಂಡತಿ ಕೋಣೆ ಗುಡಿಸಿ, 'ನೋಡ್ರಿ, ಆ ಕಸ ಎಲ್ಲಾ ತಿಪ್ಪಿಗೆ ಹಾಕೀನಿ' ಎಂದಳು. ಕೆಂಪು ನೌಕಾದಳದ ಇತಿಹಾಸದಲ್ಲಿ ಅಂಥ ಸೋಲು ಹಿಂದೆಯೂ ಇಲ್ಲ, ಮುಂದೆಯೂ ಆಗಲಿಲ್ಲ.

ನಿಯಮಗಳಲ್ಲಿ ಮುಖ್ಯವಾದದ್ದು ಒಂದೇ. ಪ್ರತಿಯೊಬ್ಬರೂ ನೆಲ, ನೀರು, ಗಾಳಿ ಮೂರಕ್ಕೂ ಬೇರೆ ಬೇರೆ ಕಾರ್ಡು ಬರೆಯಬೇಕು. ಮೂರನ್ನೂ ಬೇರೆ ಬೇರೆ ಬಸ್ಸಿಗೆ ಕೊಡಬೇಕು. ಊರಲ್ಲೇ ಇದ್ದ ಹವಾಲ್ದಾರ್ರ ಕಾರ್ಡುಗಳೂ ಕೂಡ್ಲಿಗಿಗೆ ಹೋಗಿ ಬಸ್ಸಿನಲ್ಲೇ ನನಗೆ ಮರಳಬೇಕು. ಒಮ್ಮೆ ಕೊಟ್ಟ ಕಾರ್ಡನ್ನು ತಿದ್ದುವಂತಿಲ್ಲ. ಮೂರೂ ನನ್ನ ಕೈ ಸೇರಿದ ಮೇಲೆ ಅದರಲ್ಲಿ ಬರೆದ ಹೊತ್ತಿನಂತೆ ನಾನು ಬೀಜ, ತೊಟ್ಟು, ಸಿಪ್ಪೆಗಳನ್ನು ನಡೆಸಬೇಕು. ಯಾವುದು ಮೊದಲು ಬರುತ್ತದೋ, ಯಾವುದು ಬಸ್ಸು ಕೆಟ್ಟು ನಿಲ್ಲುತ್ತದೋ ಗೊತ್ತಿಲ್ಲ. ಇದು ಆಟವಲ್ಲ, ಇದೇ ನಿಜವಾದ ಯುದ್ಧ ಎಂದು ಹವಾಲ್ದಾರ್ರು ಹೇಳುತ್ತಿದ್ದರು.

ಖಾಸಗಿ ಬಸ್ಸಿನ ಕಂಡಕ್ಟರ್ ಗ್ರಂಥಾಲಯದ ಕಿಟಕಿಯಲ್ಲಿ ತಲೆ ಹಾಕಿ ಎಲ್ಲರಿಗೂ ಕೇಳುವಂತೆ, 'ಸಾರ್, ಹಡಗಲಿ ವಿಮಾನದಳ ಬಂದೈತ್ರಿ. ನೌಕಾದಳ ಸಂಜಿ ಬಸ್ಸಿಗೆ ಬರತೈತಂತ' ಎನ್ನುತ್ತಿದ್ದ. ಪತ್ರಿಕೆ ಓದುತ್ತಿದ್ದ ನಿವೃತ್ತ ಶಾನುಭೋಗರೊಬ್ಬರು ಮೊದಲ ಸಲ ಕೇಳಿದಾಗ ಎದ್ದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ತೀರ್ಪುಗಾರನಾಗಿ ನಾನು ಕೊಟ್ಟ ತೀರ್ಪುಗಳಲ್ಲಿ ಎರಡನ್ನಾದರೂ ಇಲ್ಲಿ ದಾಖಲಿಸಬೇಕು. ಹಡಗಲಿಗೆ ತುಂಗಭದ್ರೆ ಇದೆ, ಹಗರಿಬೊಮ್ಮನಹಳ್ಳಿಯ ಅಂಚಿಗೆ ಹಿನ್ನೀರು ಇದೆ, ಕೊಟ್ಟೂರಿಗೆ ಏನಿದೆ? ಹವಾಲ್ದಾರ್ರು ಕೊಟ್ಟೂರು ಕೆರೆಯಲ್ಲಿ ನೌಕಾನೆಲೆ ಸ್ಥಾಪಿಸಿದರು. ಹಡಗಲಿಯಿಂದ ಆಕ್ಷೇಪಣೆ ಬಂತು: 'ಕೊಟ್ಟೂರು ಕೆರೆಯ ಹಡಗು ಹಿನ್ನೀರಿಗೆ ಹೇಗೆ ಬರುತ್ತದೆ?' ಉತ್ತರ: 'ಲಾರಿಯಲ್ಲಿ.' ಲಾರಿ ಸಿಕ್ಕಲು ಒಂದು ದಿನ, ಹಮಾಲರು ಸಿಕ್ಕಲು ಒಂದು ದಿನ ಎಂಬ ಷರತ್ತಿನ ಮೇಲೆ ನಾನು ಒಪ್ಪಿಗೆ ಕೊಟ್ಟೆ. ಇನ್ನೊಮ್ಮೆ ಹಡಗಲಿಯವರು ಬಾಗಳಿಯ ಕಲ್ಲೇಶ್ವರ ಗುಡಿಯ ಶಿಖರದ ಮೇಲೆ ರಾಡಾರ್ ಇಡುವುದಾಗಿ ಬರೆದರು. ಅಷ್ಟು ಹಳೆಯ ಗುಡಿಗೆ ಅಪ್ಪಣೆ ಇಲ್ಲದೆ ಸುಣ್ಣ ಬಳಿಯುವುದಕ್ಕೂ ಆಗುವುದಿಲ್ಲವೆಂದು ಅದನ್ನು ತಿರಸ್ಕರಿಸಿದೆ.

ಆಟ ವರ್ಷಗಟ್ಟಲೆ ನಡೆಯಿತು. ಹೊಸ ಶತಮಾನ ಬಂತು. ಪತ್ರಿಕೆಗಳಲ್ಲಿ ಉಪಗ್ರಹ, ಕಂಪ್ಯೂಟರು ಬಂದವು. ಹವಾಲ್ದಾರ್ರು ನೋಟ್‌ಬುಕ್ಕಿನಲ್ಲಿ ಮೂರಿದ್ದದ್ದನ್ನು ಐದು ಮಾಡಿಕೊಂಡರು. 'ಗಾಳಿ ಮ್ಯಾಲಿನ ಆಕಾಶ ಒಂದು, ಕಂಪ್ಯೂಟರಿನ ಒಳಗಿಂದು ಒಂದು. ಇನ್ನ ಹತ್ತು ಸೈನ್ಯ ಆತು ನೋಡ್ರಿ. ಮೂರು ಮಂದಿ ಮಾತಾಡ್ಕೊಳ್ಳಾಕ ಬರದಿದ್ದವರು ಐದು ಮಂದಿ ಹೆಂಗ ಮಾತಾಡ್ಕೊಂತಾರ?' ಎಂದು ನಿಜವಾದ ಆತಂಕದಿಂದ ಕೇಳುತ್ತಿದ್ದರು. ಯಾರ ಆತಂಕ ಎಂದರೆ ಎರಡೂ ಕಡೆಯವರದು.

ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಕಾರ್ಡುಗಳಲ್ಲಿ ಹಳೆಯ ಗುಡ್ಡದ ಮಾತಿಲ್ಲ. ಆದರೆ ಹಡಗಲಿಯವರು ಪ್ರತಿ ಕಾರ್ಡಿನಲ್ಲೂ ಗ್ರೀನಿಚ್ ಹೊತ್ತನ್ನೇ ಬರೆದು ಕಣ್ಣಿಗೆ ಹೊಡೆಯುವಂತೆ ಝಡ್ ಹಾಕುತ್ತಿದ್ದರು. ಇವರು ಪ್ರತಿ ಕಾರ್ಡಿನಲ್ಲೂ ನಮ್ಮ ಹೊತ್ತು ಬರೆದು, ಮುಂದೆ 'ಭಾರತದ ಕಾಲ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ವಿಚಾರಣೆ ಅಲ್ಲಿ ಇನ್ನೂ ನಡೆದೇ ಇತ್ತು. ನಡುವೆ ಕೂತು ಕೂಡಿಸಿ ಕಳೆಯುವ ಕರ್ಮ ನನ್ನದು.

ಒಂದು ಭಾನುವಾರ ನನ್ನಿಂದ ತಪ್ಪಾಯಿತು.

ಹಡಗಲಿಯವರ ಯೋಜನೆ, ನನಗೆ ಆಮೇಲೆ ತಿಳಿದಂತೆ, ಚೊಕ್ಕದಾಗಿತ್ತು. ಮೊದಲು ವಿಮಾನಗಳು ಹಗರಿಬೊಮ್ಮನಹಳ್ಳಿಯ ಮೇಲೆ ದಾಳಿ ಮಾಡಬೇಕು, ಅರ್ಧ ತಾಸಿನ ಮೇಲೆ ಸೈನ್ಯ ಊರೊಳಗೆ ನುಗ್ಗಬೇಕು. ವಿಮಾನದ ಕಾರ್ಡು ಸರಿಯಾಗಿತ್ತು; ಅವರ ಆರೂವರೆ, ನಮ್ಮ ಹನ್ನೆರಡು. ಸೈನ್ಯದ ಕಾರ್ಡಿನ ಮೇಲೆ ಮಾತ್ರ ಕಂಡಕ್ಟರನ ಮಿರ್ಚಿ ಎಣ್ಣೆಯ ಬೆರಳು ಬಿದ್ದು, 'ಏಳು' ಎಂಬುದರ ಮುಂದಿನ ಅಕ್ಷರ ಅಳಿಸಿತ್ತು. ಝಡ್ ಇದ್ದಿರಬೇಕೆಂದು ಅನುಮಾನ ಬಂತು. ಯಾರಿಗಾದರೂ ಬರುತ್ತದೆ. ಆದರೆ ಹಡಗಲಿಗೆ ಬರೆದು ಕೇಳಿ ಉತ್ತರ ತರಿಸಲು ನಾಲ್ಕು ದಿನ. ಇರಲಿ ಎಂದು ನಮ್ಮ ಏಳು ಗಂಟೆಗೇ ಸೈನ್ಯವನ್ನು ನುಗ್ಗಿಸಿದೆ. ಹುಣಸೆಬೀಜಗಳು ಬಸ್ ನಿಲ್ದಾಣದಲ್ಲಿ ಆರಾಮವಾಗಿ ಕೂತಿದ್ದಾಗ, ಮಧ್ಯಾಹ್ನ ಹನ್ನೆರಡಕ್ಕೆ, ಅವರದೇ ವಿಮಾನಗಳು ಬಂದು ಬಡಿದವು. ಕೆಂಪು ಸೈನ್ಯ ನಿರ್ನಾಮ ಎಂದು ತೀರ್ಪು ಬರೆದು ಎರಡೂ ಕಡೆ ಕಳಿಸಿದೆ.

ನೀಲಿ ಪಕ್ಷಕ್ಕೆ ಅದು ವರ್ಷಗಳ ಮೇಲೆ ಬಂದ ಗೆಲುವು. ಹವಾಲ್ದಾರ್ರು ಪೇಡೆ ತಂದು ಕಂಡಕ್ಟರನ ಬಾಯಿಗೇ ಇಟ್ಟರು.

ಮುಂದಿನ ವಾರ ಕಾರ್ಡಲ್ಲ, ಲಕೋಟೆ ಬಂತು. ನನ್ನ ಹೆಸರಿಗೆ. 'ತೀರ್ಪುಗಾರರಿಗೆ ನಮಸ್ಕಾರ. ಕಾಲದ ಗುರುತು ಕಾಣದಿದ್ದಾಗ ನಿಮಗೆ ಅನುಮಾನ ಬಂದೇ ಬಂದಿರಬೇಕು. ಅನುಮಾನ ಬಂದವನು ಒಂದು ಸಲ ಮರಳಿ ಕೇಳಬೇಕು. ಕೇಳದೆ ಬಿಟ್ಟದ್ದು ತಪ್ಪು. ಈ ತಪ್ಪು ಎಷ್ಟು ದೊಡ್ಡದೆಂದು ನನಗೆ ಗೊತ್ತು.'

ನಾನು ನಾಚಿಕೊಂಡು ಅದನ್ನು ಹವಾಲ್ದಾರ್ರ ಕೈಗೆ ಕೊಟ್ಟೆ. ಅವರು ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

'ಇಂವಗ ಹೆಂಗ ಗೊತ್ತು?' ಎಂದರು.

'ನನ್ನ ಮೇಲೆ ಸಿಟ್ಟು, ಅಷ್ಟೇ.'

'ಇಲ್ರಿ. ಈ ಕಾಗದ ನಿಮಗಲ್ಲ.'

ಆವತ್ತು ಅವರು ಪತ್ರಿಕೆಯನ್ನೂ ಓದದೆ ಎದ್ದು ಹೋದರು. ಸಂಜೆ ಒಂದು ಕಾರ್ಡು ತಂದು, ಬಸ್ಸಿಗೆ ಕೊಡುವ ಮೊದಲು ನನಗೆ ತೋರಿಸಿದರು. 'ತೀರ್ಪು ವಾಪಸ್. ನಿಮ್ಮ ಮಂದಿ ಸತ್ತಿಲ್ಲ. ಊಟ ಮುಗಿಸಲಿ.'

ಅದಕ್ಕೆ ಬಂದ ಉತ್ತರ ಒಂದೇ ಸಾಲು: 'ಸೋಮವಾರ, ಹತ್ತು ಗಂಟೆ, ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣ. ಬರ್ರಿ.'

'ಹತ್ತು ಅಂದ್ರ ಮಧ್ಯಾಹ್ನ ಮೂರೂವರಿ' ಎಂದರು ಹವಾಲ್ದಾರ್ರು, ತಕ್ಷಣ.

'ಝಡ್ ಹಾಕಿಲ್ಲವಲ್ಲ?' ಎಂದೆ. ಹಿಂದಿನ ತಪ್ಪಿನಿಂದ ನನಗೆ ಅಷ್ಟು ಬುದ್ಧಿ ಬಂದಿತ್ತು.

'ಮರೆತಾನ.'

'ಮರಳಿ ಕೇಳೋಣವೇ?'

'ಇಷ್ಟು ವರ್ಷ ಆತು, ಅವನ ಗಡಿಯಾರ ನನಗ ಗೊತ್ತಿಲ್ಲೇನ್ರಿ?'

ಕಿರಾಣಿಯವನನ್ನು, ಚಹದವನನ್ನು, ಬೀಗರನ್ನು ಬಿಡದೆ ಮರಳಿ ಹೇಳಿಸಿದ ಮನುಷ್ಯ ಆವತ್ತು ಒಂದು ಕಾರ್ಡು ಬರೆದು ಕೇಳಲಿಲ್ಲ. ಸಂತೋಷದಲ್ಲಿ ಹಾಗಾಗುತ್ತದೆ.

ಸೋಮವಾರ ಮೂರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ನಾವಿಬ್ಬರೂ ಹಗರಿಬೊಮ್ಮನಹಳ್ಳಿಯಲ್ಲಿ ಇಳಿದೆವು. ಅವರು ಇಸ್ತ್ರಿ ಮಾಡಿದ ಅಂಗಿ, ಮುಖ ಕಾಣುವಂಥ ಬೂಟು. ನಾನು ಹನ್ನೊಂದು ಸಲ ಉರುಳಿಸಿದ ನಿಲ್ದಾಣವನ್ನು ತುಸು ಅಳುಕಿನಿಂದ ನೋಡುತ್ತ ನಿಂತೆ. ಜನ ಗಿಜಿಗುಡುತ್ತಿತ್ತು. ಮುದುಕರೇ ಹತ್ತಾರು ಮಂದಿ.

'ಮುಖ ನೋಡಿಲ್ಲವಲ್ಲ, ಹೇಗೆ ಗುರುತು ಹಿಡೀತೀರಿ?' ಎಂದೆ.

ಅವರು ನಡುವೆ ನಿಂತು, ಎಡಗೈ ಕಿವಿಗಿಟ್ಟು, ಕಣ್ಣು ಮುಚ್ಚಿದರು. ಕಂಡಕ್ಟರುಗಳ ಕೂಗು, ಬಸ್ಸಿನ ಹಾರನ್ನು, ಯಾರದೋ ಕೂಸಿನ ಅಳು. ಮೂಲೆಯ ಸಿಮೆಂಟ್ ಬೆಂಚಿನಲ್ಲಿ ಛತ್ರಿ ಊರಿಕೊಂಡು ಕೂತಿದ್ದ ಒಬ್ಬರು ಶೇಂಗಾ ಮಾರುವವಳಿಗೆ ಹೇಳುತ್ತಿದ್ದರು: 'ಬ್ಯಾಡವ್ವ, ಬೆಳಿಗ್ಗಿಂದ ನಾಕು ಪೊಟ್ಟಣ ತಿಂದೀನಿ. ಇನ್ನ ತಿಂದ್ರ ನಾನ ಬೀಜ ಆಕ್ಕೀನಿ.'

ಹವಾಲ್ದಾರ್ರು ಕಣ್ಣು ತೆರೆದರು. ಹೋಗಿ ಬೆಂಚಿನ ಹಿಂದೆ ನಿಂತು, 'ಊಟ ಆತೇನ್ರಿ?' ಎಂದರು.

ಆತ ತಿರುಗಲಿಲ್ಲ. ಛತ್ರಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡರು. 'ಇಲ್ರಿ. ನಿಮ್ಮದು?'

ಆಮೇಲೆ ತಿರುಗಿ ನೋಡಿ, 'ಲೇ, ಹತ್ತ ಗಂಟಿಗಿ ಬಾ ಅಂದ್ರ ಮೂರೂವರಿಗಿ ಬರ್ತೀಯೇನಲೇ!' ಎಂದರು.

'ಹತ್ತು ಅಂದ್ರ ನಿನ್ನ ಹತ್ತು ಅನ್ಕೊಂಡೆ!'

'ನಿನ್ನ ಹತ್ತು ಬರದಿದ್ದೆ ನಾನು. ಸಾಯೂದರೊಳಗ ಒಂದ ಸಲ ನಿನ್ನ ಗಡಿಯಾರದಾಗ ಬರೀಬೇಕು ಅನಿಸ್ತು.'

'ಗುರುತು ಹಾಕಬೇಕಿತ್ತಿಲ್ಲೋ?'

'ದೇಶಕ್ಕೆಲ್ಲ ಅದ ಹೊತ್ತು. ಅದಕ್ಕ ಗುರುತು ಯಾಕ ಬೇಕು ಅನ್ಕೊಂಡೆ.'

 ಹವಾಲ್ದಾರ್ರು ಬೆಂಚಿನ ತುದಿಯಲ್ಲಿ ಕೂತರು.

ಐದೂವರೆ ತಾಸು ಯಾಕೆ ಕಾದಿರಿ, ಎದ್ದು ಹೋಗಬಾರದಿತ್ತೇ ಎಂದು ನಾನು ಕೇಳಿದೆ. ಹಡಗಲಿಯವರು ನನ್ನ ಕಡೆ ತಿರುಗಿದರೂ ಮಾತು ಇವರಿಗೆ ಆಡಿದರು. 'ಹನ್ನೊಂದಕ್ಕ ತಿಳೀತು ಸಾರ್, ಇಂವ ನನ್ನ ಗಡಿಯಾರ ಹಿಡಕೊಂಡಾನ, ಮೂರೂವರಿಗಿ ಬರ್ತಾನ ಅಂತ. ಕುಂತೆ. ಆ ಮರಳುಗಾಡಿನಾಗ ಆವತ್ತೂ ತಿಳಿದಿತ್ರಿ. ಚೀಟಿ ಬರಕೊಂಡ ಕೂಡ್ಲೇ ಅನುಮಾನ ಬಂದಿತ್ತು, ಮುಂಜಾನಿ ಏಳೋ, ನಮ್ಮ ವಿಮಾನದವರ ಏಳೋ ಅಂತ. ಮರಳಿ ಕೇಳಾಕ ಕೈ ಹಾಕಿದ್ದೆ. ಬಾಜೂಕ ಸಾಹೇಬ್ರು ನಿಂತಿದ್ರು. ಇವಗ ಇಷ್ಟೂ ತಿಳಿಯಂಗಿಲ್ಲ ಅಂತಾರ ಅಂತ ಬಿಟ್ಟೆ. ವಿಚಾರಣಿಯಾಗ ಗುರುತು ಇರ್ಲಿಲ್ಲ ಅಂದೆ. ಅನುಮಾನ ಬಂದಿತ್ತು ಅನ್ಲಿಲ್ಲ.'

ಒಂದು ಬಸ್ಸು ಹೊಗೆ ಬಿಟ್ಟು ಹೋಯಿತು. ಹವಾಲ್ದಾರ್ರ ಕೈ ಇನ್ನೂ ಕಿವಿಯ ಮೇಲಿತ್ತು.

'ಮರಳಿ ಹೇಳು' ಎಂದರು.

ಹಡಗಲಿಯವರು ಅಷ್ಟನ್ನೂ ಮತ್ತೊಮ್ಮೆ ಹೇಳಿದರು. ಒಂದು ಶಬ್ದ ಹಿಂದು ಮುಂದಾಗಲಿಲ್ಲ.

'ಸರಿ ಐತಿ' ಎಂದರು ಇವರು. ಆಮೇಲೆ ನೆಲ ನೋಡುತ್ತ, 'ಈಗ ನಂದು ಬರಕೋ. ಗುರುತು ಹಾಕಿದ್ದೆ ಹಾಕಿದ್ದೆ ಅಂತ ಇಷ್ಟು ವರ್ಷ ಹೇಳೀನಿ. ಹಾಕಿದ್ನೋ ಇಲ್ಲೋ, ದೇವರಾಣಿ ನೆನಪಿಲ್ಲ. ದೇಶಕ್ಕೆಲ್ಲ ಒಂದ ಹೊತ್ತು, ಗುರುತು ಯಾಕ ಅಂತ ನಾನೂ ಆವತ್ತು ಅನ್ಕೊಂಡಿದ್ನೇನೋ' ಎಂದರು.

ಖಾನಾವಳಿಯಲ್ಲಿ ಊಟ ಮುಗಿದಿತ್ತು. ಮಂಡಕ್ಕಿ ಮಿರ್ಚಿ ತಂದುಕೊಟ್ಟೆ. ಸತ್ತು ಇಪ್ಪತ್ತೈದು ವರ್ಷವಾದ ಒಂದು ಕಂಪನಿಯ ಪರವಾಗಿ ಇಬ್ಬರೂ ಒಂದೇ ಪೇಪರಿನಿಂದ ತಿಂದರು. ಹಗರಿಬೊಮ್ಮನಹಳ್ಳಿ ಯಾರಿಗೂ ಸೇರಿಲ್ಲವೆಂದು ಅಲ್ಲಿಯೇ ತೀರ್ಮಾನವಾಯಿತು. ಆ ಊರಿನವರು ನೆಮ್ಮದಿಯಿಂದ ಇರಬಹುದು.

ತಿಂಗಳೊಪ್ಪತ್ತಿನಲ್ಲಿ ಹವಾಲ್ದಾರ್ರು ಪೇಂಟರನ್ನು ಕರೆಸಿದರು. ಮೇಲಿನ ಖಾಲಿ ಸಾಲಿಗೆ ಏನು ಬರೆಸುತ್ತಾರೋ ಎಂದು ಓಣಿಯವರೆಲ್ಲ ಇಣುಕಿದೆವು. ಹೊಸದಾಗಿ ಏನನ್ನೂ ಬರೆಸಲಿಲ್ಲ. ಹೆಸರನ್ನೂ 'ಹವಾಲ್ದಾರ್'ಅನ್ನೂ ಅಳಿಸಿ, ಅದನ್ನೇ ಫಲಕದ ನಟ್ಟನಡುವೆ ಬರೆಸಿದರು.

ಆಮೇಲೆಯೂ ಯುದ್ಧ ನಿಲ್ಲಲಿಲ್ಲ. ಆದರೆ ಕಾರ್ಡಿಗೆ ಕಾರ್ಡು ಅನುಮಾನ ಪರಿಹಾರವೇ ಹೆಚ್ಚಾಗಿ, ಸೈನ್ಯಗಳು ಹೊರಡುವುದು ಅಪರೂಪವಾಯಿತು. ನನ್ನ ಹೆಂಡತಿಗೆ ಕೋಣೆ ಮರಳಿ ಸಿಕ್ಕಿತು.

ಹೋದ ತಿಂಗಳು ಬೆಳಗಿನ ಜಾವ ಅವರು ಹೋದರು. ಮಗಳು ಅಳುತ್ತ, 'ಕಾಕಾ, ಹಡಗಲಿಯವರಿಗೆ ತಿಳಸ್ರಿ' ಎಂದಳು. ಈಗ ಬಸ್ಸು, ಕಾರ್ಡು ಬೇಕಿಲ್ಲ; ಎಲ್ಲರ ಮನೆಯಲ್ಲೂ ಫೋನಿದೆ. ಹಡಗಲಿಗೆ ಫೋನು ಮಾಡಿ ಸುದ್ದಿ ಹೇಳಿದೆ. 

'ಎಷ್ಟು ಹೊತ್ತಿಗಿ?' ಎಂದರು ಅವರು.

'ಮಧ್ಯಾಹ್ನ ಎರಡಕ್ಕೆ ಮಣ್ಣು' ಎಂದೆ. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. 'ಭಾರತದ ಕಾಲ' ಎಂದು ಸೇರಿಸಿದೆ.

ಅವರು ಬರೆದುಕೊಂಡರು. 'ಇವತ್ತು, ಮಧ್ಯಾಹ್ನ ಎರಡು, ಭಾರತದ ಕಾಲ, ಕೊಟ್ಟೂರು' ಎಂದು ಒಂದೊಂದಾಗಿ ಹೇಳಿದರು. 'ಮರಳಿ ಹೇಳೀನ್ರಿ. ಸರಿ ಐತೇನು?'

'ಸರಿ ಐತ್ರಿ' ಎಂದೆ.

ಹತ್ತು ಗಂಟೆಗೇ ಬಂದು ಕೂತಿದ್ದರು.